ರಾಮೆನ್ ಯಾರ ಮನೆ ಊಟ?

ಒಂದೇ ಊಟಕ್ಕೆ ನೂರೈವತ್ತು ವರ್ಷದಲ್ಲಿ ನಾಲ್ಕು ಹೆಸರು. ಮೊದಲು ನಾನ್ಕಿನ್ ಸೋಬಾ. ಆಮೇಲೆ ಶಿನಾ ಸೋಬಾ. ಎರಡನೇ ಮಹಾಯುದ್ಧ ಮುಗಿದ ಮೇಲೆ ಚೂಕಾ ಸೋಬಾ. ಕೊನೆಗೆ, ಇವತ್ತು ಜಗತ್ತಿಗೆಲ್ಲ ಗೊತ್ತಿರುವ ರಾಮೆನ್. ಬಟ್ಟಲೊಳಗೆ ಇದ್ದದ್ದು ಮಾತ್ರ ಹೆಚ್ಚುಕಮ್ಮಿ ಅದೇ: ಗೋಧಿ ಹಿಟ್ಟಿನ ನೂಡಲ್ಸ್, ಮೂಳೆ ಕುದಿಸಿದ ಬಿಸಿ ಸೂಪು, ಮೇಲೆ ಎರಡು ಹೋಳು ಹಂದಿಮಾಂಸ, ಒಂದಿಷ್ಟು ಹೆಚ್ಚಿದ ಈರುಳ್ಳಿ ಸೊಪ್ಪು. ಒಬ್ಬ ಮನುಷ್ಯ ಹೀಗೆ ನಾಲ್ಕು ಸಲ ಹೆಸರು ಬದಲಾಯಿಸಿಕೊಂಡಿದ್ದರೆ ಪಾಸ್‌ಪೋರ್ಟ್ ಆಫೀಸಿನವರು ಸುಮ್ಮನೆ ಬಿಡ್ತಿದ್ರಾ? ಯಾಕಪ್ಪಾ ಅಂತ ಕೇಳೇ ಕೇಳ್ತಿದ್ರು. ಊಟವನ್ನ ಯಾರೂ ಕೇಳಲ್ಲ.

ನನ್ನ ರಾಮೆನ್ ಹುಚ್ಚು ಗೆಳೆಯರಿಗೆಲ್ಲ ಗೊತ್ತು. ಟೋಕಿಯೋಗೆ ಹೋಗುವವರು ದೇವಸ್ಥಾನ, ಟವರ್, ಶಾಪಿಂಗ್ ಅಂತ ಪಟ್ಟಿ ಮಾಡಿಕೊಂಡರೆ ನಾನು ಎಂಟು ಸೀಟಿನ ಅಂಗಡಿಗಳ ಪಟ್ಟಿ ಹಿಡ್ಕೊಂಡು ಹೋಗ್ತೀನಿ. ಹಾಗೆ ತಿರುಗುವಾಗ ಕಣ್ಣಿಗೆ ಬಿದ್ದ ವಿಷಯ ಇದು. ಹೊಸ ಅಂಗಡಿಗಳ ಬಾಗಿಲಿಗೆ ಇಳಿಬಿಟ್ಟ ಬಟ್ಟೆಯ ಮೇಲೆ 'ರಾಮೆನ್' ಅಂತ ಇರುತ್ತೆ. ಹಳೇ ಅಂಗಡಿಗಳಲ್ಲಿ ಎಷ್ಟೋ ಕಡೆ ಇನ್ನೂ 'ಚೂಕಾ ಸೋಬಾ' ಅಂತಲೇ ಇದೆ. ಚೂಕಾ ಅಂದರೆ ಚೀನೀ. ಜಪಾನೀಯರ ಮನೆಮಾತಾದ ಊಟದ ಅಂಗಡಿ ಮುಂದೆ ಚೀನಾದ ಹೆಸರು! ಅಷ್ಟೇ ಅಲ್ಲ, ಸೋಬಾ ಅಂದರೆ ಬಕ್‌ವೀಟ್ ಅನ್ನೋ ಬೇರೆಯೇ ಧಾನ್ಯದ ಜಪಾನೀ ನೂಡಲ್ಸ್. ಇದರಲ್ಲಿ ಅದರ ಒಂದು ಕಾಳೂ ಇಲ್ಲ. ಇನ್ನು 'ರಾಮೆನ್' ಅನ್ನೋ ಪದವನ್ನ ಸಾಮಾನ್ಯವಾಗಿ ಬರೆಯೋದು ಕತಕಾನಾದಲ್ಲಿ, ಅಂದರೆ ಹೊರಗಿನಿಂದ ಬಂದ ಪದಗಳಿಗೆ ಅಂತ ಜಪಾನೀಯರು ಬಳಸುವ ಲಿಪಿಯಲ್ಲಿ. ಈ ಹೆಸರಿನ ಎಳೆ ಹಿಡಿದು ಎಳೆದರೆ ಒಂದು ದೇಶ ಯಾರನ್ನೆಲ್ಲ ಒಳಗೆ ಬಿಟ್ಟುಕೊಂಡಿತು, ಯಾರನ್ನೆಲ್ಲ ಮರೆಯಿತು ಅನ್ನೋ ಲೆಕ್ಕ ಪೂರ್ತಿ ಸಿಗುತ್ತೆ.

ಕತೆ ಶುರುವಾಗೋದು ಬಂದರಿನಲ್ಲಿ. ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಹೊರಗಿನವರಿಗೆ ಬಾಗಿಲು ಹಾಕಿಕೊಂಡಿದ್ದ ಜಪಾನಿನ ಮುಂದೆ 1853ರಲ್ಲಿ ಅಮೆರಿಕದ ನೌಕಾಧಿಕಾರಿ ಪೆರಿ ಯುದ್ಧನೌಕೆಗಳ ಸಮೇತ ಬಂದು ನಿಂತ. 1859ರಲ್ಲಿ ಯೊಕೊಹಾಮಾ, ನಾಗಾಸಾಕಿ, ಹಾಕೊದಾತೆ ಬಂದರುಗಳು ವಿದೇಶಿ ವ್ಯಾಪಾರಕ್ಕೆ ತೆರೆದವು. ಬಿಳಿಯ ವ್ಯಾಪಾರಿಗಳು ಬಂದರು. ಅವರ ಜೊತೆ ಲೆಕ್ಕ ಬರೆಯೋಕೆ, ಮಾತು ದಾಟಿಸೋಕೆ, ಬಟ್ಟೆ ಹೊಲಿಯೋಕೆ, ಅಡುಗೆ ಮಾಡೋಕೆ ಚೀನೀಯರೂ ಬಂದರು. ಊರು ಬಿಟ್ಟು ಬಂದವರಿಗೆ ಮೊದಲು ಬೇಕಾಗೋದು ಊರಿನ ಊಟ. ಸಂಜೆ ಕೆಲಸ ಮುಗಿಸಿ ಬಂದವರಿಗೆ ಒಂದು ಬಟ್ಟಲು ಬಿಸಿ ನೂಡಲ್ಸ್ ಕೊಡುವ ಅಂಗಡಿಗಳು ಹುಟ್ಟಿಕೊಂಡವು. ಚೀನೀಯರಿದ್ದ ಆ ಬೀದಿಗೆ ಜಪಾನೀಯರು ನಾನ್ಕಿನ್‌ಮಾಚಿ ಅಂದರು, ಅಂದರೆ ನಾನ್‌ಜಿಂಗ್ ಪೇಟೆ. ಅಲ್ಲಿ ಸಿಗೋ ನೂಡಲ್ಸು ನಾನ್ಕಿನ್ ಸೋಬಾ ಆಯಿತು. ಅಲ್ಲಿದ್ದವರಲ್ಲಿ ಬಹಳ ಜನ ನಾನ್‌ಜಿಂಗ್ ಕಡೆಯವರಲ್ಲ, ದೂರದ ದಕ್ಷಿಣದ ಕ್ಯಾಂಟನ್ ಕಡೆಯವರು. ಆದರೆ ಹೆಸರಿಡುವವರಿಗೆ ಅದೆಲ್ಲ ಯಾಕೆ? ಉತ್ತರದವರ ಬಾಯಲ್ಲಿ ನಾವೆಲ್ಲ 'ಮದ್ರಾಸಿ' ಆದ ಹಾಗೆ ಇದು.

ಆ ಬಟ್ಟಲಿನಲ್ಲಿ ಆ ಕಾಲದ ಜಪಾನೀಯನಿಗೆ ಹೊಸದಾಗಿದ್ದದ್ದು ಎರಡು. ಮೊದಲನೆಯದು ಮಾಂಸ. ಕ್ರಿ.ಶ. 675ರಲ್ಲಿ ತೆನ್ಮು ಚಕ್ರವರ್ತಿ ದನ, ಕುದುರೆ, ನಾಯಿ, ಕೋತಿ, ಕೋಳಿಯ ಮಾಂಸ ತಿನ್ನಬಾರದು ಅಂತ ಆಜ್ಞೆ ಹೊರಡಿಸಿದ್ದ. ಬೌದ್ಧ ಧರ್ಮದ ಪ್ರಭಾವ. ಕದ್ದುಮುಚ್ಚಿ ತಿನ್ನೋರು, ಔಷಧಿ ಅಂತ ತಿನ್ನೋರು ಎಲ್ಲ ಕಾಲದಲ್ಲೂ ಇದ್ದರು, ನಮ್ಮಲ್ಲಿ ಇರೋ ಹಾಗೆ. ಆದರೂ ನಾಲ್ಕು ಕಾಲಿನ ಪ್ರಾಣಿ ಅಂದರೆ ಮೈಲಿಗೆ ಅನ್ನೋ ಭಾವನೆ ಸಾವಿರ ವರ್ಷ ದಾಟಿ ಉಳಿದಿತ್ತು. 1872ರಲ್ಲಿ ಮೇಜಿ ಚಕ್ರವರ್ತಿ ತಾನು ದನದ ಮಾಂಸ ತಿಂದದ್ದನ್ನ ಬಹಿರಂಗವಾಗಿ ತಿಳಿಸಿದ ಮೇಲೆ ಮಾಂಸ ತಿನ್ನೋದೇ ಆಧುನಿಕತೆ ಅನ್ನೋ ಗಾಳಿ ಬೀಸಿತು. ಹಂದಿ ಮೂಳೆಯ ಸೂಪಿಗೆ ಬಾಗಿಲು ತೆರೆದದ್ದು ಆ ಗಾಳಿ.

ಎರಡನೆಯದು ನೂಡಲ್ಸಿನ ಗುಣ. ರಾಮೆನ್ ನೂಡಲ್ಸಿಗೆ ಹಳದಿ ಬಣ್ಣ ಇರುತ್ತೆ, ಮೊಟ್ಟೆ ಹಾಕಿದ್ದಾರೆ ಅಂದ್ಕೊಳ್ಳೋರೇ ಜಾಸ್ತಿ. ಬಹಳ ಸಲ ಅದು ಮೊಟ್ಟೆಯಲ್ಲ, ಕಾನ್ಸುಯಿ ಅನ್ನೋ ಕ್ಷಾರದ ನೀರು. ಸೋಡಿಯಂ ಕಾರ್ಬೊನೇಟ್, ಪೊಟ್ಯಾಸಿಯಂ ಕಾರ್ಬೊನೇಟ್ ಕರಗಿಸಿದ್ದು. ನಮ್ಮಲ್ಲಿ ಉದ್ದಿನ ಹಪ್ಪಳದ ಹಿಟ್ಟಿಗೆ ಪಾಪಡ್ ಖಾರ್ ಹಾಕ್ತಾರಲ್ಲ, ಹೆಚ್ಚುಕಮ್ಮಿ ಅದೇ ಜಾತಿ. ಕ್ಷಾರ ಬಿದ್ದರೆ ಗೋಧಿ ಹಿಟ್ಟು ಹಳದಿಗೆ ತಿರುಗುತ್ತೆ, ಎಳೆ ಬಿಗಿಯಾಗುತ್ತೆ, ಬಿಸಿ ಸೂಪಿನಲ್ಲಿ ಬೇಗ ಮೆತ್ತಗಾಗಲ್ಲ. ಜಪಾನಿನ ಹಳೆಯ ಊದೋನ್, ಸೋಬಾಗಳಿಂದ ರಾಮೆನ್ ಅನ್ನು ಬೇರೆ ಮಾಡೋದು ಮುಖ್ಯವಾಗಿ ಈ ಚಿಟಿಕೆ ಕ್ಷಾರ. ಅದೂ ಚೀನಾದಿಂದ ಬಂದ ವಿದ್ಯೆಯೇ.

1910ರಲ್ಲಿ ಟೋಕಿಯೋದ ಅಸಾಕುಸಾದಲ್ಲಿ ರೈರೈಕೆನ್ ಅನ್ನೋ ಅಂಗಡಿ ತೆರೆಯಿತು. ಅಸಾಕುಸಾ ಅಂದರೆ ಆಗಿನ ಸಿನಿಮಾ, ನಾಟಕ, ಜಾತ್ರೆಗಳ ಜಾಗ. ನಮ್ಮ ಹಳೇ ಮೆಜೆಸ್ಟಿಕ್ ಇದ್ದ ಹಾಗೆ. ಮಾಲೀಕ ಓಜಾಕಿ ಕಾನ್‌ಇಚಿ, ಯೊಕೊಹಾಮಾ ಬಂದರಿನ ಕಸ್ಟಮ್ಸ್‌ನಲ್ಲಿ ಕೆಲಸ ಮಾಡಿದ್ದವನು. ಬಂದರಿನಲ್ಲಿ ನಾನ್ಕಿನ್ ಸೋಬಾದ ರುಚಿ ಕಂಡಿದ್ದ, ಟೋಕಿಯೋದ ಸಾಮಾನ್ಯ ಜನಕ್ಕೆ ಇದನ್ನ ಅಗ್ಗದಲ್ಲಿ ಕೊಟ್ಟರೆ ನಡೆಯುತ್ತೆ ಅಂತ ಲೆಕ್ಕ ಹಾಕಿದ. ಯೊಕೊಹಾಮಾದ ಚೀನೀ ಪೇಟೆಯಿಂದ 12 ಜನ ಕ್ಯಾಂಟನೀ ಅಡುಗೆಯವರನ್ನ ಕರೆತಂದ. ಅವರ ಮೂಳೆ ಸೂಪಿಗೆ ಟೋಕಿಯೋದವರ ನಾಲಿಗೆಗೆ ಒಗ್ಗುವ ಸೋಯಾ ಸಾಸ್ ಸೇರಿತು. ಇವತ್ತಿಗೂ ಟೋಕಿಯೋ ಶೈಲಿಯ ರಾಮೆನ್ ಅಂದರೆ ಇದೇ. ಅಂಗಡಿ ಜಾಗ ಬದಲಾಯಿಸುತ್ತಾ 1976ರವರೆಗೂ ಬದುಕಿತ್ತು. ಆ 12 ಅನ್ನೋ ಸಂಖ್ಯೆ ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತೆ.

ಈ ಹೊತ್ತಿಗೆ ಹೆಸರು ಶಿನಾ ಸೋಬಾ ಆಗಿತ್ತು. ಶಿನಾ ಅಂದರೆ ಚೀನಾ. ತಮಾಷೆ ಏನು ಗೊತ್ತಾ? ಆ ಪದದ ಬೇರು ನಮ್ಮ ಕಡೆಯದು. ಸಂಸ್ಕೃತದ 'ಚೀನ' ಬೌದ್ಧ ಗ್ರಂಥಗಳ ಜೊತೆ ಚೀನಾಕ್ಕೆ ಹೋಗಿ, ಅಲ್ಲಿನ ಅಕ್ಷರಗಳಲ್ಲಿ ಬರೆಸಿಕೊಂಡು, ಜಪಾನಿಗೆ ಬಂದು 'ಶಿನಾ' ಆಯಿತು. ಪದದಲ್ಲಿ ಯಾವ ದೋಷವೂ ಇರಲಿಲ್ಲ. ಆದರೆ 1894-95ರ ಯುದ್ಧದಲ್ಲಿ ಚೀನಾವನ್ನು ಸೋಲಿಸಿ, ತೈವಾನನ್ನು ಕಿತ್ತುಕೊಂಡ ಜಪಾನು ಆ ಪದವನ್ನ ಹೇಳುವ ಧಾಟಿಯೇ ಬೇರೆಯಾಯಿತು. ಒಂದೇ ಹೆಸರನ್ನ ಪ್ರೀತಿಯಿಂದಲೂ ಕರೀಬಹುದು, ಕೀಳಾಗಿಯೂ ಕರೀಬಹುದು. ಬೆಂಗಳೂರಿನ ಪಿಜಿಗಳಲ್ಲಿ ಈಶಾನ್ಯ ರಾಜ್ಯದ ಹುಡುಗರನ್ನ ಏನಂತ ಕರೀತಾರೆ ಅನ್ನೋದನ್ನ ಕೇಳಿದವರಿಗೆ ಇದನ್ನ ವಿವರಿಸಬೇಕಿಲ್ಲ.

ಉತ್ತರದ ಸಪ್ಪೊರೊ ಊರಿನವರು ಹೇಳೋ ಒಂದು ಕತೆ ಇದೆ. 1922ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದ ಹತ್ತಿರ ತಾಕೆಯಾ ಅನ್ನೋ ಸಣ್ಣ ಹೋಟೆಲ್ ಶುರುವಾಯಿತು, ನಡೆಸುತ್ತಿದ್ದವರು ಗಂಡ ಹೆಂಡತಿ. ಅಡುಗೆಗೆ ಬಂದವನು ವಾಂಗ್ ವೆನ್‌ಸಾಯ್ ಅನ್ನೋ ಚೀನೀ. ಅವನ ನೂಡಲ್ಸಿಗೆ ವಿದ್ಯಾರ್ಥಿಗಳು ಮುಗಿಬಿದ್ದರು, ಆದರೆ ಆರ್ಡರ್ ಮಾಡುವಾಗ ಚೀನೀಯರನ್ನ ಹೀಯಾಳಿಸುವ ಬೈಗುಳವನ್ನೇ ಊಟದ ಹೆಸರಾಗಿ ಕೂಗೋರು. ಒಳಗೆ ಸೌಟು ಹಿಡಿದು ನಿಂತವನ ಕಿವಿಗೆ ಅದು ಬೀಳ್ತಿತ್ತು. ಹೋಟೆಲಿನ ಯಜಮಾನಿಗೆ ಸಂಕಟವಾಯಿತು. ಅಡುಗೆ ಸಿದ್ಧವಾದಾಗ ವಾಂಗ್ 'ಹಾವ್ ಲಾ', ಆಯ್ತು ಅಂತ ಕೂಗ್ತಿದ್ದನಂತೆ. ಆ 'ಲಾ' ಹಿಡಿದು, ನೂಡಲ್ಸ್ ಅನ್ನೋ ಅರ್ಥದ 'ಮೆನ್' ಸೇರಿಸಿ, 'ರಾಮೆನ್' ಅಂತ ಮೆನುವಿನಲ್ಲಿ ಬರೆಸಿದಳಂತೆ. ಜಪಾನೀ ಬಾಯಲ್ಲಿ ಲ ಹೋಗಿ ರ ಆಗುತ್ತೆ. ಭಾಷಾಪಂಡಿತರಲ್ಲಿ ಹೆಚ್ಚಿನವರು ಈ ಪದ ಚೀನೀ ಭಾಷೆಯ 'ಲಾಮಿಯನ್', ಅಂದರೆ ಕೈಯಲ್ಲಿ ಎಳೆದ ನೂಡಲ್ಸ್, ಅನ್ನೋದರಿಂದ ಬಂತು ಅಂತಾರೆ. ಇರಲಿ. ಸಪ್ಪೊರೊದ ಕತೆ ನನಗೆ ಇಷ್ಟ, ಯಾಕಂದರೆ ಬೈಗುಳವೊಂದನ್ನು ತಪ್ಪಿಸಲಿಕ್ಕೆ ಹುಟ್ಟಿದ ಹೆಸರು ಅದು ಅಂತ ಒಂದು ಊರು ನೆನಪಿಟ್ಟುಕೊಂಡಿದೆ.

ಮರುವರ್ಷವೇ, 1923ರ ಸೆಪ್ಟೆಂಬರ್ 1ರಂದು, ಟೋಕಿಯೋ ಮತ್ತು ಯೊಕೊಹಾಮಾಗಳನ್ನ ಭೂಕಂಪ ನೆಲಸಮ ಮಾಡಿತು. ಮಧ್ಯಾಹ್ನದ ಅಡುಗೆ ಹೊತ್ತು. ಒಲೆಗಳ ಬೆಂಕಿ ಮರದ ಮನೆಗಳಿಗೆ ಹತ್ತಿತು. ಲಕ್ಷಕ್ಕೂ ಹೆಚ್ಚು ಜನ ಸತ್ತರು. ರಾಮೆನ್ ಇತಿಹಾಸ ಬರೆಯುವವರು ಈ ಭೂಕಂಪವನ್ನ ಒಂದು ತಿರುವು ಅಂತ ಬರೀತಾರೆ: ಅಂಗಡಿ ಕಳೆದುಕೊಂಡ ಅಡುಗೆಯವರು ಬೇರೆ ಬೇರೆ ಊರುಗಳಿಗೆ ಚದುರಿದರು, ಉಳಿದವರು ತಳ್ಳುಗಾಡಿ ಇಟ್ಟರು, ಹೀಗೆ ನೂಡಲ್ಸ್ ದೇಶದೊಳಗೆ ಹರಡಿತು. ನಿಜ. ಆದರೆ ಅದೇ ದಿನಗಳಲ್ಲಿ ನಡೆದ ಇನ್ನೊಂದನ್ನೂ ಜೊತೆಗೇ ಹೇಳಬೇಕು. ಕೊರಿಯನ್ನರು ಬಾವಿಗೆ ವಿಷ ಹಾಕಿದ್ದಾರೆ ಅನ್ನೋ ಗಾಳಿಸುದ್ದಿ ಹಬ್ಬಿ, ಬೀದಿ ಬೀದಿಯಲ್ಲಿ ಗುಂಪುಗಳು ದೊಣ್ಣೆ, ಕತ್ತಿ ಹಿಡಿದು ನಿಂತವು. ಸಾವಿರಾರು ಕೊರಿಯನ್ನರು, ನೂರಾರು ಚೀನೀಯರು ಕೊಲೆಯಾದರು. ಪೊಲೀಸರು, ಸೈನಿಕರೂ ಅದರಲ್ಲಿದ್ದರು. ಶಿನಾ ಸೋಬಾವನ್ನ ಚಪ್ಪರಿಸಿ ತಿನ್ನುತ್ತಿದ್ದ ಊರಿನಲ್ಲೇ ಇದು ನಡೆದದ್ದು. ವಲಸಿಗನ ಊಟವನ್ನ ಮೆಚ್ಚಿದವರು ವಲಸಿಗನನ್ನೂ ಒಪ್ಪಿಕೊಳ್ತಾರೆ ಅನ್ನೋ ನಂಬಿಕೆ ನಮ್ಮಂಥ ಊಟಪ್ರಿಯರಲ್ಲಿ ಬಹಳ ಇದೆ. ಇತಿಹಾಸ ಅದಕ್ಕೆ ಸಾಕ್ಷಿ ಹೇಳಲ್ಲ.

1937ರಲ್ಲಿ ಚೀನಾದ ಮೇಲೆ ಪೂರ್ಣ ಯುದ್ಧ, ನಂತರ ಪೆಸಿಫಿಕ್ ಯುದ್ಧ. ಅಕ್ಕಿಗೆ ರೇಷನ್ ಬಂತು, ಅಂಗಡಿಗಳು ಮುಚ್ಚಿದವು. ಇಲ್ಲಿ ನಮ್ಮೂರಿಗೂ ಒಂದು ಕೊಂಡಿ ಇದೆ. 1942ರಲ್ಲಿ ಜಪಾನೀ ಸೇನೆ ಬರ್ಮಾವನ್ನ ಹಿಡಿದಾಗ ಅಲ್ಲಿಂದ ದಕ್ಷಿಣ ಭಾರತಕ್ಕೆ ಬರುತ್ತಿದ್ದ ಅಕ್ಕಿ ನಿಂತುಹೋಯಿತು. ಅಕ್ಕಿ ಸಿಗದ ಆ ಯುದ್ಧದ ಕಾಲದಲ್ಲಿ ಬೆಂಗಳೂರಿನ ಎಂಟಿಆರ್‌ನವರು ರವೆಯಲ್ಲಿ ಇಡ್ಲಿ ಮಾಡಿ ನೋಡಿದರು, ರವೆ ಇಡ್ಲಿ ಹುಟ್ಟಿತು ಅಂತ ಆ ಹೋಟೆಲಿನ ಇತಿಹಾಸ ಹೇಳುತ್ತೆ. ಅತ್ತ ರಾಮೆನ್ ಅಂಗಡಿಗಳನ್ನ ಮುಚ್ಚಿಸಿದ ಅದೇ ಯುದ್ಧ ಇತ್ತ ನಮ್ಮ ಭಾನುವಾರದ ತಿಂಡಿಯನ್ನ ಕೊಟ್ಟಿತು.

1945ರ ಆಗಸ್ಟ್‌ನಲ್ಲಿ ಜಪಾನ್ ಶರಣಾಯಿತು. ಆ ವರ್ಷದ ಭತ್ತದ ಬೆಳೆ ದಶಕಗಳಲ್ಲೇ ಅತಿ ಕೆಟ್ಟದ್ದು. ಕೊರಿಯಾ, ತೈವಾನಿನಿಂದ ಬರುತ್ತಿದ್ದ ಅಕ್ಕಿಯೂ ಇಲ್ಲ. ಅದರ ಮೇಲೆ ಚೀನಾ, ಮಂಚೂರಿಯಾ ಮತ್ತಿತರ ಕಡೆಗಳಿಂದ 60 ಲಕ್ಷಕ್ಕೂ ಹೆಚ್ಚು ಜಪಾನೀಯರು, ಸೈನಿಕರು ಮತ್ತು ನಾಗರಿಕರು, ವಾಪಸ್ ಬಂದರು. ರೇಷನ್ ದಿನಗಟ್ಟಲೆ ತಡವಾಗುತ್ತಿತ್ತು, ಬಂದರೂ ಹೊಟ್ಟೆ ತುಂಬುತ್ತಿರಲಿಲ್ಲ. ಕಾನೂನಿನ ಪ್ರಕಾರ ಬದುಕಿದರೆ ಏನಾಗುತ್ತೆ ಅನ್ನೋದಕ್ಕೆ ಒಬ್ಬ ನ್ಯಾಯಾಧೀಶ ಸಾಕ್ಷಿಯಾದ. ಯಾಮಾಗುಚಿ ಯೋಶಿತಾದಾ ಟೋಕಿಯೋದಲ್ಲಿ ಕಾಳಸಂತೆಯ ಕೇಸುಗಳನ್ನ ವಿಚಾರಣೆ ಮಾಡುತ್ತಿದ್ದವನು. ಬೇರೆಯವರಿಗೆ ಶಿಕ್ಷೆ ಕೊಟ್ಟು ತಾನು ಕಾಳಸಂತೆಯ ಅನ್ನ ತಿನ್ನಲಾರೆ ಅಂತ ರೇಷನ್ ಮೇಲೆಯೇ ಬದುಕಿ, 1947ರ ಅಕ್ಟೋಬರ್‌ನಲ್ಲಿ ಸತ್ತ.

ಉಳಿದವರು ಕಾಳಸಂತೆಗೆ ಹೋದರು. ರೈಲ್ವೆ ನಿಲ್ದಾಣಗಳ ಪಕ್ಕ, ಬಾಂಬು ಬಿದ್ದ ಖಾಲಿ ಜಾಗಗಳಲ್ಲಿ ನೂಡಲ್ಸಿನ ಗಾಡಿಗಳು ಎದ್ದವು. ಅಮೆರಿಕದ ಆಕ್ರಮಣ ಸರ್ಕಾರ ತರಿಸಿದ ಗೋಧಿ, ಹಿಟ್ಟಿನ ಗಿರಣಿಗಳಿಂದ ಹಿಂಬಾಗಿಲಲ್ಲಿ ಹೊರಬಂದು ಈ ಗಾಡಿಗಳನ್ನ ಸೇರಿತು. ಬೀದಿಯಲ್ಲಿ ಊಟ ಮಾರೋದು ಅಪರಾಧ; ಪೊಲೀಸರು ಹಿಡಿಯೋರು, ರೌಡಿಗಳು ಮಾಮೂಲು ವಸೂಲಿ ಮಾಡೋರು. ಚೀನಾದಿಂದ ವಾಪಸ್ ಬಂದವರು ಅಲ್ಲಿ ಕಲಿತ ಅಡುಗೆಯನ್ನ ಇಲ್ಲಿ ಮಾರಿದರು. ಜಿಡ್ಡು, ಉಪ್ಪು, ಬಿಸಿ: ಹಸಿದವರಿಗೆ ಬೇಕಾಗಿದ್ದದ್ದು ಅಷ್ಟೇ. ನಾವು ಇವತ್ತು ರಾಮೆನ್ ಅಂಗಡಿಯಲ್ಲಿ ಕಾಣುವ ಗುಣಗಳೆಲ್ಲ, ಕಿರಿದಾದ ಜಾಗ, ಒಬ್ಬನೇ ಅಡುಗೆಯವ, ಮಾತಿಲ್ಲದೆ ತಿಂದು ಎದ್ದು ಹೋಗುವ ಗಿರಾಕಿ, ಆ ಗಾಡಿಗಳ ಗುಣಗಳೇ.

ಹೆಸರೂ ಆಗಲೇ ಬದಲಾಯಿತು. 'ಶಿನಾ' ಪದವನ್ನ ಬಳಸಬಾರದು ಅಂತ 1946ರಲ್ಲಿ ಜಪಾನಿನ ವಿದೇಶಾಂಗ ಇಲಾಖೆ ಸೂಚನೆ ಹೊರಡಿಸಿತು. ಸೋತವನ ಬಾಯಲ್ಲಿ ಹಳೇ ದರ್ಪದ ಪದ ನಿಲ್ಲಲ್ಲ. ಶಿನಾ ಸೋಬಾ ಹೋಗಿ ಚೂಕಾ ಸೋಬಾ ಬಂತು. ಸೂಪು ಮಾತ್ರ ಅದೇ.

1950ರಲ್ಲಿ ಗೋಧಿ ಹಿಟ್ಟಿನ ಮೇಲಿನ ಹಿಡಿತ ಸಡಿಲವಾಯಿತು, ಗಾಡಿಗಳು ಕಾನೂನುಬದ್ಧವಾದವು. 1954ರಲ್ಲಿ ಅಮೆರಿಕ ಪಿಎಲ್-480 ಅನ್ನೋ ಕಾಯ್ದೆ ಮಾಡಿತು. ತನ್ನಲ್ಲಿ ಮಿಕ್ಕ ಗೋಧಿಯನ್ನ ಸುಲಭ ಷರತ್ತಿನಲ್ಲಿ ಬೇರೆ ದೇಶಗಳಿಗೆ ಸಾಗಿಸೋ ದಾರಿ ಅದು. ಜಪಾನಿನ ಶಾಲೆಗಳಲ್ಲಿ ಮಕ್ಕಳಿಗೆ ಬ್ರೆಡ್ಡು, ಹಾಲಿನ ಪುಡಿಯ ಹಾಲು. ಅಡುಗೆ ಬಸ್ಸುಗಳು ಊರೂರು ತಿರುಗಿ ಗೃಹಿಣಿಯರಿಗೆ ಗೋಧಿ ಅಡುಗೆ ಕಲಿಸಿದವು. ಪಿಎಲ್-480 ಅಂದ ತಕ್ಷಣ ನಿಮ್ಮ ಮನೆಯ ಹಿರಿಯರನ್ನ ಕೇಳಿ ನೋಡಿ. ಭಾರತ 1956ರಲ್ಲಿ ಅದೇ ಕಾಯ್ದೆಯಡಿ ಒಪ್ಪಂದ ಮಾಡಿಕೊಂಡಿತು. ನಮ್ಮ ಸರ್ಕಾರಿ ಶಾಲೆಗಳಲ್ಲಿ ಒಂದು ತಲೆಮಾರು ತಿಂದ ಹಳದಿ ಗೋಧಿ ನುಚ್ಚಿನ 'ಕೇರ್ ಉಪ್ಪಿಟ್ಟು' ಅಮೆರಿಕದ ಅದೇ ಉಗ್ರಾಣದಿಂದ ಬಂದದ್ದು. ಒಂದೇ ಗೋಧಿ ಇಲ್ಲಿ ಉಪ್ಪಿಟ್ಟಾಯಿತು, ಅಲ್ಲಿ ರಾಮೆನ್ ಆಯಿತು.

ಆ ಗೋಧಿಯನ್ನ ಬ್ರೆಡ್ಡಿಗೇ ಯಾಕೆ ಬಳಸಬೇಕು, ನೂಡಲ್ಸಿಗೆ ಯಾಕಾಗಬಾರದು ಅಂತ ಕೇಳಿದವನು ಮೊಮೊಫುಕು ಆಂಡೊ. ಹುಟ್ಟಿದ್ದು 1910ರಲ್ಲಿ, ಜಪಾನಿನ ವಸಾಹತಾಗಿದ್ದ ತೈವಾನಿನಲ್ಲಿ. ಹುಟ್ಟುಹೆಸರು ಬೇರೆ. ಯುದ್ಧದ ನಂತರ ಒಸಾಕಾದ ರೈಲ್ವೆ ನಿಲ್ದಾಣದ ಹಿಂದೆ, ಚಳಿಯಲ್ಲಿ, ಒಂದು ನೂಡಲ್ಸ್ ಗಾಡಿಯ ಮುಂದೆ ಉದ್ದಕ್ಕೆ ನಿಂತ ಸಾಲು ತನ್ನ ತಲೆಯಿಂದ ಹೋಗಲಿಲ್ಲ ಅಂತ ಅವನೇ ಹೇಳಿಕೊಂಡಿದ್ದಾನೆ. ಆಮೇಲೆ ತೆರಿಗೆ ಕೇಸಿನಲ್ಲಿ ಜೈಲು, ನಡೆಸುತ್ತಿದ್ದ ಸಹಕಾರಿ ಹಣಕಾಸು ಸಂಸ್ಥೆ ಮುಳುಗಡೆ. ಐವತ್ತರ ಹತ್ತಿರ ಕೈಯಲ್ಲಿ ಉಳಿದದ್ದು ಒಂದು ಬಾಡಿಗೆ ಮನೆ. ಹಿತ್ತಲಿನ ಶೆಡ್ಡಿನಲ್ಲಿ ಕೂತು, ಬೇಯಿಸಿದ ನೂಡಲ್ಸನ್ನ ಎಣ್ಣೆಯಲ್ಲಿ ಕರಿದರೆ ನೀರೆಲ್ಲ ಹಾರಿ ಸಣ್ಣ ಸಣ್ಣ ರಂಧ್ರಗಳಾಗುತ್ತವೆ, ಬಿಸಿನೀರು ಹಾಕಿದರೆ ಮತ್ತೆ ಮೆತ್ತಗಾಗುತ್ತೆ ಅಂತ ಕಂಡುಕೊಂಡ. 1958ರ ಆಗಸ್ಟ್ 25ರಂದು 'ಚಿಕಿನ್ ರಾಮೆನ್' ಮಾರುಕಟ್ಟೆಗೆ ಬಂತು. ಬೆಲೆ 35 ಯೆನ್. ಒಂದು ಉಂಡೆ ಹಸಿ ಊದೋನ್ 6 ಯೆನ್‌ಗೆ ಸಿಗುತ್ತಿದ್ದ ಕಾಲದಲ್ಲಿ ಅದು ದುಬಾರಿ ವಸ್ತು! ಟಿವಿ ಜಾಹೀರಾತಿನ ಜೊತೆ 'ರಾಮೆನ್' ಅನ್ನೋ ಪದ ಮನೆಮನೆಗೂ ಹೋಯಿತು, ಚೂಕಾ ಸೋಬಾ ನಿಧಾನಕ್ಕೆ ಹಿಂದೆ ಸರಿಯಿತು. ಮುಂದೆ ಅವನ ನಿಸ್ಸಿನ್ ಕಂಪನಿ ಬೆಂಗಳೂರಿನ ಪಕ್ಕದ ಜಿಗಣಿಯಲ್ಲೂ ಕಾರ್ಖಾನೆ ತೆರೆಯಿತು. ಹಾಸ್ಟೆಲಿನಲ್ಲಿ ಟಾಪ್ ರಾಮೆನ್ ತಿಂದು ಪರೀಕ್ಷೆ ಬರೆದವರಿಗೆ ಆಂಡೊ ಯಾರೋ ದೂರದವನಲ್ಲ.

ಜಗತ್ತಿಗೆ ಗೊತ್ತಿರೋದು ಈ ಪ್ಯಾಕೆಟ್. ನನ್ನ ಹುಚ್ಚು ಮಾತ್ರ ಅಂಗಡಿಯದ್ದು. ಅಲ್ಲಿನ ಪ್ರತಿ ವಿಚಿತ್ರ ಪದ್ಧತಿಯ ಹಿಂದೆ ಯಾರದೋ ದುಡಿಮೆಯ ಗಡಿಯಾರ ಇದೆ. ದಕ್ಷಿಣದ ಫುಕುವೋಕಾದಲ್ಲಿ ನೂಡಲ್ಸ್ ದಾರದ ಹಾಗೆ ಸಣ್ಣ, ಒಂದು ಬಟ್ಟಲಿಗೆ ಸ್ವಲ್ಪವೇ ಹಾಕ್ತಾರೆ. ಮುಗಿದ ಮೇಲೆ 'ಕಾಎದಾಮಾ' ಅಂದರೆ ಉಳಿದ ಸೂಪಿಗೆ ಇನ್ನೊಂದು ಉಂಡೆ ಬೀಳುತ್ತೆ. ಇದು ಶೋಕಿ ಅಲ್ಲ. ನಾಗಾಹಾಮಾ ಮೀನು ಮಾರುಕಟ್ಟೆಯ ಕೆಲಸಗಾರರಿಗೆ ಕಾಯೋಕೆ ಪುರುಸೊತ್ತಿರಲಿಲ್ಲ. ಸಣ್ಣ ನೂಡಲ್ಸ್ ಬೇಗ ಬೇಯುತ್ತೆ, ಆದರೆ ಬೇಗ ಮೆತ್ತಗೂ ಆಗುತ್ತೆ, ಅದಕ್ಕೆ ಸ್ವಲ್ಪ ಸ್ವಲ್ಪ. ಅದೇ ಕಡೆಯ ಕುರುಮೆ ಊರಿನಲ್ಲಿ ಹಾಲಿನ ಹಾಗೆ ಬೆಳ್ಳಗಿರುವ ಹಂದಿಮೂಳೆ ಸೂಪು 1947ರಲ್ಲಿ ಹುಟ್ಟಿದ್ದು, ಗಾಡಿಯವನೊಬ್ಬ ಹೊರಗೆ ಹೋದಾಗ ಹಂಡೆ ಸಿಕ್ಕಾಪಟ್ಟೆ ಕುದ್ದುಹೋಗಿದ್ದರಿಂದಂತೆ. ಚೆಲ್ಲೋಕೆ ಮನಸ್ಸು ಬಾರದ ಕಾಲ ಅದು.

ನೂಡಲ್ಸನ್ನ ಬೇರೆ ತಟ್ಟೆಯಲ್ಲಿಟ್ಟು, ಗಟ್ಟಿ ಸೂಪಿಗೆ ಅದ್ದಿ ತಿನ್ನುವ ತ್ಸುಕೆಮೆನ್ ಕೂಡ ಹಾಗೇ. ಟೋಕಿಯೋದ ತೈಶೋಕೆನ್ ಅಂಗಡಿಯಲ್ಲಿ ಕೆಲಸದವರು ಉಳಿದ ನೂಡಲ್ಸನ್ನ ಸೂಪಿಗೆ ಅದ್ದಿ ತಿನ್ನೋದನ್ನ ಗಿರಾಕಿಗಳು ನೋಡಿ ನಮಗೂ ಕೊಡಿ ಅಂದರು. 1955ರಲ್ಲಿ ಯಾಮಾಗಿಶಿ ಕಜುವೊ ಅದನ್ನ ಮೆನುವಿಗೆ ಸೇರಿಸಿದ. 1961ರಲ್ಲಿ ಅವನು ಹಿಗಾಶಿ-ಇಕೆಬುಕುರೊದಲ್ಲಿ ತನ್ನದೇ ಅಂಗಡಿ ತೆರೆದ. ಮುಂದೆ ಕಲಿಯಲು ಬಂದ ನೂರಕ್ಕೂ ಹೆಚ್ಚು ಜನರಿಗೆ ವಿದ್ಯೆ ಹೇಳಿಕೊಟ್ಟ, ತನ್ನ ಅಂಗಡಿಯ ಹೆಸರನ್ನೂ ಬಿಟ್ಟುಕೊಟ್ಟ, ಒಂದು ಯೆನ್ ರಾಯಲ್ಟಿ ಕೇಳಲಿಲ್ಲ. ರೆಸಿಪಿಯನ್ನ ಲಾಕರಿನಲ್ಲಿ ಇಡುವ ಈ ಕಾಲದಲ್ಲಿ ಇದನ್ನ ಓದಿದಾಗ ನನಗೆ ಒಂದು ಕ್ಷಣ ಸುಮ್ಮನೆ ಕೂರಬೇಕು ಅನ್ನಿಸಿತ್ತು.

1970ರ ದಶಕದಲ್ಲಿ ಇನ್ನೊಂದು ಬಗೆಯ ಜನ ಬಂದರು. 'ದಾತ್ಸುಸಾರಾ' ಅನ್ನೋ ಪದವೇ ಚಲಾವಣೆಗೆ ಬಂತು; ಸಂಬಳದ ಕೆಲಸ ಬಿಟ್ಟು ಹೊರಬರೋದು ಅಂತ ಅರ್ಥ. ಟೈ ಬಿಚ್ಚಿ, ತಲೆಗೆ ಟವೆಲ್ ಕಟ್ಟಿ, ರಾಮೆನ್ ಅಂಗಡಿ ಇಟ್ಟವರು. ಸಣ್ಣ ಬಂಡವಾಳ, ಎಂಟು ಸೀಟು, ಬಾಸ್ ಇಲ್ಲ. ಐಟಿ ಬಿಟ್ಟು ಕೆಫೆ ಹಾಕ್ತೀನಿ ಅಂತ ಕನಸು ಕಾಣುವ ನಮ್ಮ ಗೆಳೆಯರ ಅಣ್ಣಂದಿರು ಇವರು. ಆದರೆ ಬೆಳಗಿನ ಜಾವ ಎದ್ದು ಮೂಳೆ ತೊಳೆಯೋದು ಕನಸಿನಲ್ಲಿ ಬರಲ್ಲ. ಬಂದವರಲ್ಲಿ ನಿಂತವರು ಕಮ್ಮಿ.

ಅಂಗಡಿಯೊಳಗಿನ ಶಿಸ್ತೂ ನನಗೆ ಇಷ್ಟ. ಬಾಗಿಲಲ್ಲೇ ಮೆಷಿನ್ನಿಗೆ ದುಡ್ಡು ಹಾಕಿ ಟಿಕೆಟ್ ತಗೊಳ್ಳೋದು, ಕೌಂಟರಿನ ಮೇಲೆ ಇಡೋದು, ನೀರು ನಾವೇ ಬಗ್ಗಿಸಿಕೊಳ್ಳೋದು. ಅಡುಗೆಯವ ದುಡ್ಡು ಮುಟ್ಟಲ್ಲ. ಬಟ್ಟಲು ಬಂದ ಮೇಲೆ ಸೊರ್ ಅಂತ ಸದ್ದು ಮಾಡಿ ಎಳೆಯೋದು, ಇಲ್ಲವಾದರೆ ಬಿಸಿ ತಡೆಯೋಕಾಗಲ್ಲ. ಹತ್ತು ಹದಿನೈದು ನಿಮಿಷದಲ್ಲಿ ಜಾಗ ಖಾಲಿ. ನಮ್ಮ ದರ್ಶಿನಿಗಳ ಟೋಕನ್ನು, ನಿಂತುಕೊಂಡೇ ತಿನ್ನೋ ಟೇಬಲ್ಲು ನೆನಪಾಗದೇ ಇರುತ್ತಾ? ಒಬ್ಬನೇ ಬಂದವನನ್ನ 'ಎಷ್ಟು ಜನ ಸಾರ್' ಅಂತ ಕನಿಕರದಿಂದ ನೋಡದ ಹೋಟೆಲುಗಳು ಇವು. ಕೂಲಿಯವನ ಪಕ್ಕ ಮ್ಯಾನೇಜರು ಕೂತಿರ್ತಾನೆ, ಇಬ್ಬರ ಮುಂದೆಯೂ ಅದೇ ಬಟ್ಟಲು.

ಆ ಸಮಾನತೆಗೇ ಈಗ ಕುತ್ತು ಬಂದಿದೆ. 2015ರ ಡಿಸೆಂಬರಿನಲ್ಲಿ ಟೋಕಿಯೋದ ಸುಗಾಮೊದಲ್ಲಿದ್ದ ತ್ಸುತಾ ಅನ್ನೋ ಒಂಬತ್ತು ಸೀಟಿನ ಅಂಗಡಿಗೆ ಮಿಶೆಲಿನ್ ತಾರೆ ಸಿಕ್ಕಿತು, ರಾಮೆನ್ ಅಂಗಡಿಯೊಂದಕ್ಕೆ ಮೊದಲ ಸಲ. ಬೆಳಗಾಗುವ ಮುಂಚೆಯೇ ಜನ ಸಾಲು ನಿಂತರು. ಇನ್ನೊಂದು ಕಡೆ, ಜಪಾನಿನ ಮಾಮೂಲಿ ಗಿರಾಕಿಯ ಮನಸ್ಸಿನಲ್ಲಿ ಒಂದು ಗೋಡೆ ಇದೆ; ಅದನ್ನ '1000 ಯೆನ್ ಗೋಡೆ' ಅಂತಲೇ ಕರೀತಾರೆ. ರಾಮೆನ್ ಅಂದರೆ ಬಡವರ ಊಟ, ಸಾವಿರ ಯೆನ್ ದಾಟಬಾರದು. ಗೋಧಿ, ಹಂದಿಮಾಂಸ, ಗ್ಯಾಸು, ಕೂಲಿ ಎಲ್ಲ ಏರಿದೆ, ಗೋಡೆ ಮಾತ್ರ ಅಲ್ಲೇ ನಿಂತಿದೆ. 2024ರಲ್ಲಿ ದಾಖಲೆ ಸಂಖ್ಯೆಯ ರಾಮೆನ್ ಅಂಗಡಿಗಳು ದಿವಾಳಿಯಾದವು. ಸಾವಿರ ಯೆನ್ ಅಂದರೆ ಹೆಚ್ಚುಕಮ್ಮಿ 600 ರೂಪಾಯಿ. ಇಂದಿರಾನಗರದಲ್ಲಿ ನಾವು ಒಂದು ಬಟ್ಟಲಿಗೆ ಅದಕ್ಕಿಂತ ಹೆಚ್ಚು ಕೊಟ್ಟು, ಫೋಟೋ ತೆಗೆದು, ಸೂಪು ಆರಿಸಿಕೊಂಡು ತಿಂತೀವಿ. ಅಲ್ಲಿ ಕೂಲಿಯವನಿಗೆ ಎಟುಕಲಿ ಅಂತ ಅಂಗಡಿಯವನು ಮುಳುಗ್ತಿದ್ದಾನೆ, ಇಲ್ಲಿ ಅದೇ ಊಟ ಡೇಟ್ ನೈಟ್‌ಗೆ.

ತಿನ್ನಬೇಡಿ ಅಂತಿಲ್ಲ, ನಾನೂ ತಿಂತೀನಿ. ಊಟಕ್ಕೆ ಶುದ್ಧ ಮೂಲ ಹುಡುಕೋರ ಜೊತೆ ನನಗೆ ಜಗಳವೇ ಇದೆ. ಕ್ಯಾಂಟನಿನ ಕೈ, ಜಪಾನಿನ ಸೋಯಾ, ಅಮೆರಿಕದ ಗೋಧಿ, ತೈವಾನಿನಲ್ಲಿ ಹುಟ್ಟಿದವನ ಶೆಡ್ಡು: ಇಷ್ಟೆಲ್ಲ ಸೇರಿದ್ದಕ್ಕೇ ಅದು ಜಪಾನಿನದ್ದಾಯಿತು. ಒಂದು ಊಟ 'ನಮ್ಮದು' ಆಗೋದರಲ್ಲಿ ತಪ್ಪೇನಿಲ್ಲ. ನಮ್ಮದು ಅನ್ನುವಾಗ ತಂದವರ ಹೆಸರು ಅಳಿಸಿದರೆ ಮಾತ್ರ ಅದು ಕಳ್ಳತನಕ್ಕೆ ಹತ್ತಿರ.

ಯೊಕೊಹಾಮಾದಲ್ಲಿ 1994ರಲ್ಲಿ ತೆರೆದ ಒಂದು ರಾಮೆನ್ ಮ್ಯೂಸಿಯಂ ಇದೆ. ನೆಲಮಾಳಿಗೆಯಲ್ಲಿ 1958ರ ಒಂದು ಬೀದಿಯನ್ನ ಮರುಸೃಷ್ಟಿ ಮಾಡಿದ್ದಾರೆ, ಆಂಡೊನ ಪ್ಯಾಕೆಟ್ ಹುಟ್ಟಿದ ವರ್ಷ ಅದು. 2020ರಲ್ಲಿ ಅಲ್ಲಿ ರೈರೈಕೆನ್ನನ್ನೂ ಮತ್ತೆ ಜೀವಂತಗೊಳಿಸಿದರು, ಸ್ಥಾಪಕನ ವಂಶಸ್ಥರ ನೆರವಿನಿಂದ. ಓಜಾಕಿ ಕಾನ್‌ಇಚಿಯ ಹೆಸರು ಹೀಗೆ ಉಳಿಯಿತು, ಉಳಿಯಬೇಕಾದದ್ದೇ. ಸಪ್ಪೊರೊದ ವಾಂಗ್ ವೆನ್‌ಸಾಯ್ ಹೆಸರೂ ಉಳಿದಿದೆ, ಬಹುಶಃ ಅವನಿಗಾಗಿ ನೊಂದ ಒಬ್ಬ ಯಜಮಾನಿ ಇದ್ದಳು ಅಂತ. ರೈರೈಕೆನ್‌ನ ಅಡುಗೆಮನೆಯಲ್ಲಿ ಮೂಳೆ ಕುದಿಸಿದವರನ್ನ ಮಾತ್ರ ನಾನು ಓದಿದ ಕಡೆಯೆಲ್ಲ ಎಣಿಸಿದ್ದಾರೆ, ಹೆಸರಿಸಿಲ್ಲ. 12 ಜನ, ಅಷ್ಟೇ.